ಕಣ್ಣಿಗೆ ಕಾಣುವಷ್ಟು ಮದ್ದು ಇರಬೇಕು

ಪ್ರಶ್ನೆ: ನಾನು ಶಿರಸಿ ಕಡೆಯವನು. ಈಗ ಪುಣೆಯ ಬಾಣೇರ್‌ನಲ್ಲಿದ್ದೇನೆ, ಬಾಲೇವಾಡಿ ರೇಂಜ್‌ನಲ್ಲಿ .22 ಪಿಸ್ತೂಲಿನ ಅಭ್ಯಾಸ ಮಾಡುತ್ತೇನೆ. ಮುಂದೆ ಸೆಂಟರ್ ಫೈರ್‌ಗೂ (.32ರಂಥ ದೊಡ್ಡ ತೋಟಾದ ಪಿಸ್ತೂಲ್ ಸ್ಪರ್ಧೆ) ಇಳಿಯುವ ಆಸೆ. ಕಂಪನಿಯವರು ಎರಡು ವರ್ಷಕ್ಕೆ ಅಮೆರಿಕದ ಒಹಾಯೋಗೆ ಕಳಿಸುತ್ತಿದ್ದಾರೆ. ಅಲ್ಲಿನ ಸಹೋದ್ಯೋಗಿಯೊಬ್ಬರು .38 ಸ್ಪೆಷಲ್ ರಿವಾಲ್ವರ್‌ನ ಖಾಲಿ ತೋಟಾಗಳನ್ನು ಮನೆಯಲ್ಲೇ ಮತ್ತೆ ತುಂಬುತ್ತಾರಂತೆ. ನನಗೂ ಕಲಿಸುತ್ತೇನೆ ಎಂದಿದ್ದಾರೆ. ಗುರಿ ಅಭ್ಯಾಸಕ್ಕೆ ಯಾವ ಮದ್ದು ಸುರಕ್ಷಿತ? ವಾಪಸ್ ಬಂದ ಮೇಲೆ ಇಲ್ಲೇ ಫ್ಲ್ಯಾಟ್‌ನಲ್ಲಿ ಮುಂದುವರಿಸಬಹುದಾ? ನಮ್ಮಜ್ಜ ಕೇಪಿನ ಕೋವಿಗೆ ಅಂಗೈಯಲ್ಲೇ ಮದ್ದು ಅಳೆದು ಹಾಕುತ್ತಿದ್ದರು, ಏನೂ ಆಗಿರಲಿಲ್ಲ. ತಕ್ಕಡಿ ಯಾವುದು ಕೊಳ್ಳಲಿ?

ಉತ್ತರ: ನಿಮ್ಮ ಅಜ್ಜನಿಂದಲೇ ಶುರು ಮಾಡುತ್ತೇನೆ. ತಪ್ಪು ಲೆಕ್ಕ ಹುಟ್ಟುವುದೇ ಅಲ್ಲಿಂದ.

ಅವರು ಅಂಗೈಯಲ್ಲಿ ಅಳೆದದ್ದು ಕರಿಮದ್ದು. ಪೆಟ್ಲುಪ್ಪು, ಇದ್ದಿಲು, ಗಂಧಕ ಸೇರಿಸಿ ಮಾಡಿದ್ದು. ಮಲೆನಾಡಿನಲ್ಲಿ ಈಡು ತುಂಬುವವರಿಗೆ ಅದರ ಅಳತೆ ಕೈಗೇ ಗೊತ್ತಿರುತ್ತಿತ್ತು. ಹಾಗಂತ ಕರಿಮದ್ದು ಸಾಧುವೇನಲ್ಲ. ಒಂದು ಕಿಡಿ ಬಿದ್ದರೆ ಸಾಕು, ಭಗ್ಗನೆ ಹತ್ತಿಕೊಳ್ಳುತ್ತದೆ. ನಳಿಗೆ ಒಡೆದು ಬೆರಳು ಕಳೆದುಕೊಂಡವರೂ ಇದ್ದಾರೆ. ಆದರೂ ಕೋವಿಯೊಳಗೆ ಅದರ ಒತ್ತಡ ಏರುವ ರೀತಿ ಸ್ವಲ್ಪ ನಿಧಾನದ್ದು. ಚಿಟಿಕೆ ಹೆಚ್ಚಾದರೆ ಹೆಗಲಿಗೆ ಒದೆ ಜಾಸ್ತಿ ಬೀಳುತ್ತಿತ್ತು, ಹೊಗೆ ಜಾಸ್ತಿ ಬರುತ್ತಿತ್ತು. ಹೆಚ್ಚಿನ ಸಲ ಅಷ್ಟಕ್ಕೇ ಮುಗಿಯುತ್ತಿತ್ತು.

ಇವತ್ತಿನ ರಿವಾಲ್ವರ್ ತೋಟಾದಲ್ಲಿ ಇರುವುದು ಅದಲ್ಲ. ಅದು ಸ್ಮೋಕ್‌ಲೆಸ್ ಪೌಡರ್, ಹೊಗೆ ಬಾರದ ಮದ್ದು. 1884ರಲ್ಲಿ ಫ್ರಾನ್ಸ್‌ನ ಪಾಲ್ ವಿಯೆಲ್ ನೈಟ್ರೋಸೆಲ್ಯುಲೋಸ್‌ನಿಂದ ಇದನ್ನು ಮಾಡಿ ತೋರಿಸಿದರು. ಕೆಲವು ಮದ್ದುಗಳಲ್ಲಿ ನೈಟ್ರೋಗ್ಲಿಸರಿನ್ ಕೂಡ ಸೇರಿರುತ್ತದೆ, ಅವಕ್ಕೆ ಡಬಲ್ ಬೇಸ್ ಅನ್ನುತ್ತಾರೆ. ಈ ಮದ್ದಿನ ಒಂದು ಗುಣ ನೀವು ಮೊದಲು ತಿಳಿದುಕೊಳ್ಳಬೇಕು. ಸುತ್ತಲಿನ ಒತ್ತಡ ಏರಿದಷ್ಟೂ ಅದು ಬೇಗ ಉರಿಯುತ್ತದೆ. ಬೇಗ ಉರಿದಷ್ಟೂ ಒತ್ತಡ ಮತ್ತೆ ಏರುತ್ತದೆ. ಬಯಲಲ್ಲಿ ಒಂದು ಚಮಚ ಇಟ್ಟು ಹಚ್ಚಿದರೆ ಸುರ್ ಅಂತ ಉರಿದು ಹೋಗುವ ಅದೇ ಮದ್ದು, ಮುಚ್ಚಿದ ಹಿತ್ತಾಳೆಯೊಳಗೆ ಬೇರೆಯೇ ಆಟ ಆಡುತ್ತದೆ. ಎರಡು ಪಟ್ಟು ಮದ್ದು ಹಾಕಿದರೆ ಒತ್ತಡ ಎರಡೇ ಪಟ್ಟು ಆಗಿ ನಿಲ್ಲುವುದಿಲ್ಲ. ಅದಕ್ಕಿಂತ ಎಷ್ಟೋ ಮೇಲೆ ಹೋಗುತ್ತದೆ. ಅಂಗೈ ಅಳತೆ ಇಲ್ಲಿ ನಡೆಯುವುದಿಲ್ಲ.

ಇನ್ನು .38 ಸ್ಪೆಷಲ್. ಈ ತೋಟಾ 1898ರ ಹೊತ್ತಿಗೆ ಬಂದದ್ದು, ಮೊದಲು ತುಂಬಿದ್ದು ಕರಿಮದ್ದನ್ನೇ. ಅದಕ್ಕೇ ಅದರ ಕೇಸ್, ಅಂದರೆ ಹಿತ್ತಾಳೆಯ ಖೋಲು, ಅಷ್ಟು ಉದ್ದ. ಕರಿಮದ್ದಿಗೆ ಜಾಗ ಬೇಕಿತ್ತು. ಈಗ ಗುರಿ ಅಭ್ಯಾಸಕ್ಕೆ ಹಾಕುವ ಬೇಗ ಉರಿಯುವ ಮದ್ದು ಆ ಕೇಸಿನ ತಳದಲ್ಲಿ ಒಂದಿಷ್ಟು ಬಿದ್ದಿರುತ್ತದೆ. ಮೇಲೆಲ್ಲ ಖಾಲಿ. ಕೈತಪ್ಪಿ ಎರಡು ಸಲ ಸುರಿದರೂ ತುಳುಕುವುದಿಲ್ಲ. ಅದರ ಮೇಲೆ ಗುಂಡು ಸಲೀಸಾಗಿ ಕೂರುತ್ತದೆ. ಹೊರಗಿಂದ ನೋಡಿದರೆ ಆ ತೋಟಾಕ್ಕೂ ಪಕ್ಕದ್ದಕ್ಕೂ ವ್ಯತ್ಯಾಸವೇ ಕಾಣುವುದಿಲ್ಲ. ತೂಗಿ ಹಿಡಿಯೋಣ ಅಂದರೂ ಕಷ್ಟ. ಗುಂಡಿನ ತೂಕ, ಹಿತ್ತಾಳೆಯ ತೂಕ ಒಂದರಿಂದ ಒಂದಕ್ಕೆ ಅಷ್ಟಿಷ್ಟು ಬೇರೆ ಇರುತ್ತದೆ. ಒಂದು ಅಳತೆ ಮದ್ದಿನ ವ್ಯತ್ಯಾಸ ಅದರಲ್ಲೇ ಮುಚ್ಚಿಹೋಗಬಹುದು. ಗುರಿ ತೋಟಾಗಳಲ್ಲಿ ಕೈಬಂದೂಕು ಒಡೆಯುವ ಅವಘಡ ಎಂದಾಗ ಅನುಭವಸ್ಥರು ಮೊದಲು ಅನುಮಾನಿಸುವುದು ಈ ಡಬಲ್ ಚಾರ್ಜನ್ನೇ.

ಹಾಗಾಗಿ ನನ್ನ ಉತ್ತರ ಇಷ್ಟು: ಹೊಸಬರಿಗೆ ಒಳ್ಳೆಯ ಮದ್ದು ಅಂದರೆ ಕೇಸಿನಲ್ಲಿ ಜಾಗ ತುಂಬುವ ಮದ್ದು. ಹಗುರವಾಗಿ, ಉಬ್ಬಿಕೊಂಡಿರುವಂಥದ್ದು. ಎರಡು ಸಲ ಬಿದ್ದರೆ ಒಂದೋ ಹೊರಗೆ ಚೆಲ್ಲಬೇಕು, ಇಲ್ಲವೇ ಕೇಸಿನೊಳಗೆ ಇಣುಕಿದ ತಕ್ಷಣ ಗೊತ್ತಾಗಬೇಕು. ನಿಖರತೆ, ಬೆಲೆ, ಕರೆ ಕಡಿಮೆ ಅನ್ನುವುದೆಲ್ಲ ಆಮೇಲೆ.

ಹೆಸರು ಹಿಡಿದೇ ಹೇಳುತ್ತೇನೆ. ನಿಮ್ಮ ಸಹೋದ್ಯೋಗಿಯ ಕಪಾಟಿನಲ್ಲಿ ಬುಲ್ಸ್‌ಐ ಇದ್ದರೆ ಆಶ್ಚರ್ಯವಿಲ್ಲ. 19ನೇ ಶತಮಾನದ ಕೊನೆಯಲ್ಲಿ ಬಂದ ಮದ್ದು ಅದು, ಇವತ್ತಿಗೂ ಅಮೆರಿಕದ ಗುರಿಕಾರರ ಅಚ್ಚುಮೆಚ್ಚು. ಗುರಿಗೆ ಬಹಳ ಒಳ್ಳೆಯದು, ಆದರೆ ಕೇಸಿನ ತಳದಲ್ಲೇ ಅಡಗಿ ಕೂರುತ್ತದೆ. ಟೈಟ್‌ಗ್ರೂಪ್ ಕೂಡ ಹಾಗೆಯೇ. ಅಳತೆ ಯಂತ್ರದಿಂದ ನೀರಿನ ಹಾಗೆ ಇಳಿಯುತ್ತದೆ, ಕೇಸಿನಲ್ಲಿ ಮಲಗಿದ್ದರೂ ನಿಂತಿದ್ದರೂ ಒಂದೇ ತರ ಉರಿಯುತ್ತದೆ ಅಂತ ಹೆಸರು ಮಾಡಿದೆ. ಆದರೆ ಸ್ವಲ್ಪವೇ ಸಾಕಾಗುವುದರಿಂದ ಡಬಲ್ ಚಾರ್ಜ್ ಅಡಗಲು ಬೇಕಾದಷ್ಟು ಜಾಗ ಉಳಿಯುತ್ತದೆ. ಇವೆರಡನ್ನೂ ಕಲಿಯುವ ವರ್ಷದಲ್ಲಿ ಮುಟ್ಟಬೇಡಿ ಅನ್ನುವುದು ನನ್ನ ಅಭಿಪ್ರಾಯ. ಹಳಬರು ಒಪ್ಪಲಿಕ್ಕಿಲ್ಲ. ಅವರು ಅದನ್ನೇ ಜೀವನವಿಡೀ ಬಳಸಿ ಬೆರಳು ಉಳಿಸಿಕೊಂಡಿದ್ದಾರೆ, ಸರಿ. ಅವರ ಕೈಗೆ ಇರುವ ಶಿಸ್ತು ನಿಮ್ಮ ಕೈಗೆ ಇನ್ನೂ ಬಂದಿಲ್ಲ ಅಲ್ವಾ?

ಜಾಗ ತುಂಬುವ ಕಡೆ ನೋಡಿದರೆ ರೆಡ್ ಡಾಟ್, ಕ್ಲೇಸ್ ತರದ ಚಕ್ಕೆ ಮದ್ದುಗಳಿವೆ. ಮೂಲದಲ್ಲಿ ಶಾಟ್‌ಗನ್‌ಗೆ ಮಾಡಿದವು, ಹಗುರ. ರೆಡ್ ಡಾಟ್‌ನಲ್ಲಿ ಅಲ್ಲಲ್ಲಿ ಕೆಂಪು ಚಕ್ಕೆಗಳೂ ಇರುತ್ತವೆ, ಡಬ್ಬಿ ಬಿಚ್ಚಿದ ಕೂಡಲೇ ಗುರುತು ಸಿಗುತ್ತದೆ. ಟ್ರೈಲ್ ಬಾಸ್ ಅಂತ ಒಂದಿತ್ತು, ಒಂದೊಂದು ಕಾಳೂ ನಡುವೆ ತೂತಿರುವ ಪುಟ್ಟ ಬಳೆಯ ಹಾಗೆ. ನಿಧಾನದ ತೋಟಾಗಳಿಗೆ ಅಂತಲೇ ಮಾಡಿದ್ದು. ಈಗ ಅಂಗಡಿಗಳಲ್ಲಿ ಸಿಗುವುದು ದುರ್ಲಭ. ಚಕ್ಕೆ ಮದ್ದಿಗೂ ಒಂದು ತಕರಾರಿದೆ. ಅಳತೆ ಯಂತ್ರದ ಕೊಳವೆಯಲ್ಲಿ ಸಿಕ್ಕಿಕೊಂಡು ಒಂದು ಕೇಸಿಗೆ ಕಡಿಮೆ, ಮುಂದಿನದಕ್ಕೆ ಜಾಸ್ತಿ ಬೀಳಬಹುದು. ಹಾಗಾಗಿ ಸುರಿದ ಮೇಲೆ ಕೇಸಿನೊಳಗೆ ನೋಡಲೇಬೇಕು. ನಡುವಿನ ದಾರಿ ಬೇಕೆಂದರೆ ಡಬ್ಲ್ಯೂ 231 ಅಥವಾ ಫಿನ್‌ಲ್ಯಾಂಡ್‌ನ ವಿಹ್ಟಾವುವೊರಿ ಎನ್ 320. ಎರಡೂ ಅಳತೆಗೆ ಚೆನ್ನಾಗಿ ಬಗ್ಗುತ್ತವೆ. ಆದರೆ ಅವು ಕೇಸನ್ನು ತುಂಬುವುದಿಲ್ಲ, ಕಣ್ಣಿನ ಕಾವಲು ಅಲ್ಲೂ ಬೇಕೇ ಬೇಕು.

ಡಬ್ಲ್ಯೂ 231 ಮತ್ತು ಎಚ್‌ಪಿ-38 ಎರಡು ಹೆಸರಿನ ಒಂದೇ ಮದ್ದು. ಇದರ ಉಲ್ಟಾ ಸಂಗತಿಯೂ ಇದೆ, ಅದೇ ಅಪಾಯದ್ದು. ಕ್ಲೇಸ್, ಯೂನಿವರ್ಸಲ್ ಕ್ಲೇಸ್, ಇಂಟರ್‌ನ್ಯಾಷನಲ್ ಕ್ಲೇಸ್ ಅಂತ ಮೂರು ಡಬ್ಬಿಗಳು ಬಂದಿದ್ದವು. ಹೆಸರು ಅಣ್ಣತಮ್ಮಂದಿರ ಹಾಗೆ, ಉರಿಯುವ ವೇಗ ಮೂರರದ್ದೂ ಬೇರೆ ಬೇರೆ. ಒಂದರ ಅಳತೆ ಇನ್ನೊಂದಕ್ಕೆ ಹಾಕಿದರೆ ಮುಗಿಯಿತು. ಅದಕ್ಕೇ ಮೇಜಿನ ಮೇಲೆ ಒಂದು ಹೊತ್ತಿಗೆ ಒಂದೇ ಡಬ್ಬಿ. ಕೆಲಸ ಮುಗಿದ ತಕ್ಷಣ ಯಂತ್ರದಲ್ಲಿ ಉಳಿದದ್ದನ್ನು ಅದೇ ಡಬ್ಬಿಗೆ ಸುರಿದು ಮುಚ್ಚಳ ಹಾಕಬೇಕು. ರಾತ್ರಿಯಿಡೀ ಯಂತ್ರದಲ್ಲೇ ಬಿಟ್ಟು, ಬೆಳಿಗ್ಗೆ ಇದು ಯಾವುದಪ್ಪಾ ಅಂತ ಯೋಚಿಸುವ ಸ್ಥಿತಿ ಬಂದರೆ ಆ ಮದ್ದನ್ನು ಬಳಸಲೇಬಾರದು. ಬಣ್ಣ ನೋಡಿ, ಮೂಸಿ ಗುರುತು ಹಿಡಿಯುತ್ತೇನೆ ಅನ್ನುವವರ ಪಕ್ಕ ರೇಂಜ್‌ನಲ್ಲಿ ನಾನು ನಿಲ್ಲುವುದಿಲ್ಲ. ಪಟಾಕಿ ಬಿಚ್ಚಿದ ಪುಡಿ, ಊರಿನ ಕರಿಮದ್ದು, ಬೇರೆ ತೋಟಾ ಒಡೆದು ತೆಗೆದ ಮದ್ದು, ಇವುಗಳ ಯೋಚನೆಯನ್ನೇ ಮಾಡಬೇಡಿ. ಪಟಾಕಿ ಪುಡಿ ಉರಿಯುವುದಿಲ್ಲ, ಸಿಡಿಯುತ್ತದೆ.

ಅಳತೆ ಎಷ್ಟು ಅಂತ ನೀವು ಕೇಳಲಿಲ್ಲ, ಒಳ್ಳೆಯದಾಯಿತು. ಕೇಳಿದ್ದರೂ ಹೇಳುತ್ತಿರಲಿಲ್ಲ. ಅದು ಮದ್ದು ತಯಾರಕರ ಈಗಿನ ಕೈಪಿಡಿಯಿಂದಲೇ ಬರಬೇಕು. ಅದೇ ಮದ್ದು, ಅದೇ ತೂಕದ ಅದೇ ಬಗೆಯ ಗುಂಡು, ಅದೇ ಪ್ರೈಮರ್ (ಕೇಸಿನ ಹಿಂಭಾಗದಲ್ಲಿದ್ದು ಏಟಿಗೆ ಸಿಡಿದು ಮದ್ದು ಹಚ್ಚುವ ಸಣ್ಣ ಬಟ್ಟಲು), ಅಲ್ಲಿ ಕೊಟ್ಟ ತೋಟಾದ ಉದ್ದ. ಶುರು ಮಾಡುವುದು ಅವರು ಕೊಟ್ಟ ಆರಂಭದ ಅಳತೆಯಿಂದ. ಇದರಲ್ಲಿ ಒಂದು ಬದಲಾದರೂ ಮತ್ತೆ ಕೆಳಗಿನಿಂದ ಬರಬೇಕು. ವಾಟ್ಸ್‌ಆ್ಯಪ್‌ನಲ್ಲಿ ಗೆಳೆಯ ಕಳಿಸಿದ ಅಂಕಿ ಬೇಡ. ಮದ್ದುಗಳನ್ನು ಬೇಗದಿಂದ ನಿಧಾನಕ್ಕೆ ಸಾಲಾಗಿ ಬರೆದ ಪಟ್ಟಿಗಳು ಸಿಗುತ್ತವೆ. ಅದರಲ್ಲಿ ಅಕ್ಕಪಕ್ಕ ಇವೆ ಅಂತ ಒಂದರ ಅಳತೆ ಇನ್ನೊಂದಕ್ಕೆ ಹಾಕಿದವರಿದ್ದಾರೆ. ಆ ಪಟ್ಟಿ ಬರೀ ಸಾಲು ಹೇಳುತ್ತದೆ. ಎರಡರ ನಡುವೆ ಅಂತರ ಎಷ್ಟು ಅಂತ ಹೇಳುವುದಿಲ್ಲ.

ಹಾಗಾದರೆ ಸುಮ್ನೆ ಕಡಿಮೆ ಹಾಕಿದರಾಯಿತಲ್ಲ, ಅನ್ನಿಸಬಹುದು. ಅದೂ ಸರಿಯಲ್ಲ. ತೀರಾ ಕಡಿಮೆಯಾದರೆ ಗುಂಡು ನಳಿಗೆಯಲ್ಲೇ ಸಿಕ್ಕಿಕೊಳ್ಳುತ್ತದೆ. ಢಂ ಅನ್ನುವ ಬದಲು ಪುಸ್ ಅನ್ನುತ್ತದೆ, ಕೈಗೆ ಒದೆ ತಿಳಿಯುವುದಿಲ್ಲ. ಬೇಗ ಬೇಗ ಹಾರಿಸುವ ರಾಪಿಡ್ ಸರಣಿಯ ಭರದಲ್ಲಿ ಮುಂದಿನ ಗುಂಡು ಹಾರಿಸಿದರೆ ನಳಿಗೆ ಉಬ್ಬುತ್ತದೆ, ಇಲ್ಲವೇ ಸೀಳುತ್ತದೆ. ಪುಸ್ ಅಂದ ಕೂಡಲೇ ಬೆರಳು ಕುದುರೆಯಿಂದ (ಟ್ರಿಗರ್) ಹೊರಗೆ, ನಳಿಗೆ ಗುರಿಯ ಕಡೆಗೇ, ಕೈ ಎತ್ತಿ ರೇಂಜ್ ಆಫೀಸರ್‌ನ್ನು ಕರೆಯಿರಿ. ಇನ್ನೊಂದು ವಿಷಯ: ಮ್ಯಾಗ್ನಮ್‌ಗೆ, ಅಂದರೆ ಹೆಚ್ಚು ಒತ್ತಡದ ತೋಟಾಗಳಿಗೆ, ಮಾಡಿದ ನಿಧಾನದ ಮದ್ದುಗಳನ್ನು ಕಡಿಮೆ ಮಾಡಿ ಗುರಿ ತೋಟಾ ಮಾಡಲು ಹೋಗಬೇಡಿ. ಅಂಥದ್ದೊಂದಾದ ಎಚ್ 110ರ ಅಳತೆಯನ್ನು ಶೇಕಡ 3ಕ್ಕಿಂತ ಹೆಚ್ಚು ಇಳಿಸಬೇಡಿ ಅಂತ ತಯಾರಕರೇ ಎಚ್ಚರಿಸುತ್ತಾರೆ. ಗಿಡ್ಡ ನಳಿಗೆಯಲ್ಲಿ ಮೆಲ್ಲಗೆ ಹೋಗುವ ಸೀಸದ ಗುಂಡಿಗೆ ಒಣ ಸೋಗೆಯ ಹಾಗೆ ತಟ್ಟನೆ ಹತ್ತಿ ಮುಗಿಯುವ ಮದ್ದು ಬೇಕು, ಹಲಸಿನ ಕೊರಡಲ್ಲ.

ಕೇಸಿನ ಹಿಂಭಾಗ ನೋಡಿ ಒತ್ತಡ ಓದುವ ಅಭ್ಯಾಸ ಕೆಲವರಿಗಿದೆ. ಪ್ರೈಮರ್ ಚಪ್ಪಟೆಯಾಗಿಲ್ಲ, ಅಂದರೆ ಎಲ್ಲ ಸರಿಯಿದೆ ಅಂತ. ರೈಫಲ್‌ಗೆ ಅದರಿಂದ ಅಷ್ಟಿಷ್ಟು ತಿಳಿಯಬಹುದು. ಕೈಬಂದೂಕಿಗೆ ನಂಬಬೇಡಿ. ಅಮೆರಿಕದ ಮಾನಕದಲ್ಲಿ .38 ಸ್ಪೆಷಲ್‌ನ ಮೇಲ್ಮಿತಿ ಚದರ ಇಂಚಿಗೆ 17,000 ಪೌಂಡ್. ನಮ್ಮಲ್ಲಿ ಸೆಂಟರ್ ಫೈರ್‌ಗೆ ಬಳಸುವ .32 ಎಸ್ ಆ್ಯಂಡ್ ಡಬ್ಲ್ಯೂ ಲಾಂಗ್‌ಗೆ 15,000. 9 ಎಂಎಂಗೆ 35,000. ಇವೆಲ್ಲದರಲ್ಲೂ ಬಳಸುವುದು ಹೆಚ್ಚುಕಡಿಮೆ ಒಂದೇ ತರದ ಪ್ರೈಮರ್. 9 ಎಂಎಂನ ಒತ್ತಡ ತಡೆದುಕೊಳ್ಳುವ ಪ್ರೈಮರ್ ಮುಖ ಬದಲಾಯಿಸುವ ಹೊತ್ತಿಗೆ .32ರ ರಿವಾಲ್ವರ್ ತನ್ನ ಮಿತಿ ದಾಟಿ ಎಷ್ಟೋ ದೂರ ಹೋಗಿರುತ್ತದೆ.

ಕೆಲಸದ ಕ್ರಮ ಇಷ್ಟೇ. ಮೊದಲ ವರ್ಷ ಒಂದೊಂದೇ ಹಂತ ಮಾಡುವ ಪ್ರೆಸ್ ಸಾಕು. ಒಂದು ಸಲ ಹಿಡಿ ಎಳೆದರೆ ನಾಲ್ಕು ಕೆಲಸ ಆಗುವ ಯಂತ್ರ ಬೇಡ. 50 ತೂತಿನ ಮರದ ಅಚ್ಚಿನಲ್ಲಿ ಖಾಲಿ ಕೇಸುಗಳನ್ನು ತಲೆಕೆಳಗಾಗಿ ಇಡಿ. ಒಂದು ಎತ್ತಿ, ಮದ್ದು ಹಾಕಿ, ಇನ್ನೊಂದು ಅಚ್ಚಿನಲ್ಲಿ ಬಾಯಿ ಮೇಲೆ ಮಾಡಿ ಇಡಿ. ತಲೆಕೆಳಗಾಗಿ ಇದ್ದದ್ದಕ್ಕೆ ಮದ್ದು ಬಿದ್ದಿಲ್ಲ, ಬಾಯಿ ಮೇಲಾಗಿದ್ದಕ್ಕೆ ಬಿದ್ದಿದೆ. ಯಾರೋ ಬಾಗಿಲು ಬಡಿದು ನಡುವೆ ಎದ್ದು ಹೋದರೂ ಗೊಂದಲವಿಲ್ಲ. 50 ಆದ ಮೇಲೆ ಸಣ್ಣ ಟಾರ್ಚ್ ಹಿಡಿದು ಸಾಲು ಸಾಲಾಗಿ ಒಳಗೆ ನೋಡಿ. ಎಲ್ಲದರಲ್ಲೂ ಮದ್ದಿನ ಮಟ್ಟ ಒಂದೇ ಇರಬೇಕು. ಒಂದು ಕೇಸ್ ಕತ್ತಲೆಯಾಗಿ ಕಂಡರೆ ಖಾಲಿ. ಒಂದರಲ್ಲಿ ಮದ್ದು ಕಣ್ಣಿಗೆ ಹತ್ತಿರ ಬಂದ ಹಾಗೆ ಕಂಡರೆ ಎರಡು ಸಲ ಬಿದ್ದಿದೆ. ಉಬ್ಬಿದ ಮದ್ದಿನ ಬೆಲೆ ಗೊತ್ತಾಗುವುದು ಈ ಅರ್ಧ ನಿಮಿಷದಲ್ಲಿ. ಅನುಮಾನ ಬಂದರೆ ಆ ಕೇಸನ್ನು ಖಾಲಿ ಮಾಡಿ ಮತ್ತೆ ಹಾಕಿ. ಟಿವಿ ಹಚ್ಚಿಕೊಂಡು, ಫೋನಿನಲ್ಲಿ ಮಾತಾಡಿಕೊಂಡು ಮಾಡುವ ಕೆಲಸ ಇದಲ್ಲ. ಕನ್ನಡಕ ಹಾಕಿಕೊಳ್ಳಿ. ಸೀಸ ಮುಟ್ಟಿದ ಕೈಯಲ್ಲಿ ಚಹಾದ ಲೋಟ ಹಿಡಿಯಬೇಡಿ. ಮದ್ದಿಗಿಂತ ಪ್ರೈಮರ್ ಸೂಕ್ಷ್ಮ, ಏಟು ಬಿದ್ದರೇ ಸಿಡಿಯುವುದು ಅದರ ಕೆಲಸ. ಅವುಗಳನ್ನು ಅವು ಬಂದ ಪೊಟ್ಟಣದಲ್ಲೇ ಇಡಬೇಕು, ಗಾಜಿನ ಭರಣಿಗೆ ಸುರಿದಿಡಬಾರದು. ಒಂದು ಸಿಡಿದರೆ ಎಲ್ಲವೂ ಸಿಡಿಯುತ್ತವೆ.

ಈಗ ಕಾನೂನು. ಇದನ್ನು ಕೊನೆಗೆ ಇಟ್ಟುಕೊಂಡಿದ್ದೇನೆ ಅಂತ ಸಣ್ಣದು ಅಂದುಕೊಳ್ಳಬೇಡಿ.

ಒಹಾಯೋದಲ್ಲಿ ನಿಮ್ಮ ಸಹೋದ್ಯೋಗಿ ಮಾಡುತ್ತಿರುವುದು ಅವರಿಗೆ ಕಾನೂನುಬದ್ಧ. ನಿಮಗೆ ಹಾಗಿರಬೇಕೆಂದಿಲ್ಲ. ಕೆಲಸದ ತಾತ್ಕಾಲಿಕ ವೀಸಾದಲ್ಲಿ ಹೋದವರು ಬಂದೂಕು ಅಥವಾ ತೋಟಾ ಹೊಂದುವುದನ್ನು ಅಮೆರಿಕದ ಕೇಂದ್ರ ಕಾನೂನು ನಿಷೇಧಿಸುತ್ತದೆ. ಅಲ್ಲಿನ ರಾಜ್ಯವೊಂದು ಕೊಟ್ಟ ಬೇಟೆಯ ಪರವಾನಗಿ ಇರುವವರಿಗೆ ಇರುವಂಥ ಕೆಲವು ವಿನಾಯಿತಿಗಳಿವೆ. ಆ ಕಾನೂನಿನಲ್ಲಿ ತೋಟಾ ಅಂದರೆ ತುಂಬಿದ ತೋಟಾ ಮಾತ್ರ ಅಲ್ಲ. ಕೇಸ್, ಪ್ರೈಮರ್, ಗುಂಡು, ಮದ್ದು ಎಲ್ಲವೂ ಸೇರಿವೆ. ಹಾಗಾಗಿ ಮದ್ದಿನ ಡಬ್ಬಿ ಕೊಳ್ಳುವ ಮೊದಲು ಅಲ್ಲಿನ ವಲಸೆ ವಕೀಲರೊಬ್ಬರನ್ನು ಕೇಳಿ, ಸಹೋದ್ಯೋಗಿಯ ಗ್ಯಾರೇಜಿಗೆ ಹೋಗುವ ಮೊದಲೇ ಕೇಳಿ. ಹವ್ಯಾಸಕ್ಕಾಗಿ ವೀಸಾ ಕಳೆದುಕೊಳ್ಳುವುದು ಬೇಡ.

ಪುಣೆಯ ಫ್ಲ್ಯಾಟ್‌ನಲ್ಲಿ? ಬೇಡ. 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಮದ್ದುಗುಂಡು ಅನ್ನುವುದರೊಳಗೆ ಅದರ ಬಿಡಿಭಾಗಗಳು, ಅದನ್ನು ತಯಾರಿಸುವ ಯಂತ್ರ ಕೂಡ ಬರುತ್ತವೆ. ಅಂದರೆ ನೀವು ಅಲ್ಲಿಂದ ತರಬಹುದಾದ ಪ್ರೆಸ್ಸೇ ಪ್ರಶ್ನೆಗೆ ಗುರಿಯಾಗುತ್ತದೆ. ಪರವಾನಗಿ ಇಲ್ಲದೆ ತಯಾರಿಸಿದರೆ 2019ರ ತಿದ್ದುಪಡಿಯ ನಂತರ ಕನಿಷ್ಠ 7 ವರ್ಷ ಜೈಲು. ಪಿಸ್ತೂಲಿಗೆ ಲೈಸೆನ್ಸ್ ಇದೆ ಅನ್ನುವುದು ತೋಟಾ ತುಂಬಲು ಅನುಮತಿ ಆಗುವುದಿಲ್ಲ. ಮದ್ದನ್ನು ಇಟ್ಟುಕೊಳ್ಳುವುದಕ್ಕೆ ಸ್ಫೋಟಕಗಳ ನಿಯಮಗಳು ಬೇರೆ ಇವೆ, ಅವನ್ನು ನೋಡಿಕೊಳ್ಳುವ ಸಂಸ್ಥೆಯ ಮುಖ್ಯ ಕಚೇರಿ ನಾಗಪುರದಲ್ಲಿ. ಕ್ಲಬ್ಬಿನಲ್ಲಿ ಯಾರೋ ಮಾಡುತ್ತಾರಂತೆ ಅನ್ನುವ ಮಾತಿಗೆ ಬೆಲೆ ಇಲ್ಲ. ಲೈಸೆನ್ಸ್ ಕೊಡುವ ಅಧಿಕಾರಿಯ ಲಿಖಿತ ಅನುಮತಿ ಕೈಯಲ್ಲಿದ್ದರೆ ಮಾತ್ರ ಮುಂದಿನ ಮಾತು. ವಿಮಾನದಲ್ಲಿ ಮದ್ದು, ಪ್ರೈಮರ್ ಒಯ್ಯುವ ಹಾಗೇ ಇಲ್ಲ, ಲಗೇಜಿನಲ್ಲೂ ಇಲ್ಲ. ರೇಂಜ್‌ಗೆ ಒಯ್ದ ಬ್ಯಾಗನ್ನೇ ಪ್ರಯಾಣಕ್ಕೆ ಬಳಸಬೇಡಿ. ಮೂಲೆಯಲ್ಲಿ ಉಳಿದ ಒಂದೇ ತೋಟಾ ವಿಮಾನ ನಿಲ್ದಾಣದಿಂದ ನೇರ ಪೊಲೀಸ್ ಠಾಣೆಗೆ ಕರೆದೊಯ್ಯುತ್ತದೆ.

ನೀವಿರುವ ಊರಿನ ತಮಾಷೆ ನೋಡಿ. ಬಾಣೇರ್‌ನಿಂದ ಸ್ವಲ್ಪವೇ ದೂರದ ಖಡಕಿಯಲ್ಲಿ 1869ರಿಂದ ತೋಟಾ ಕಾರ್ಖಾನೆ ಇದೆ. ಕೇಸಿನ ಹಿಂಭಾಗದಲ್ಲಿ ಕಾಣುವ ಕೆಎಫ್ ಅನ್ನುವ ಅಕ್ಷರಗಳು ಅಲ್ಲಿಯವೇ. ದೇಶದ ಸರ್ಕಾರಿ ಮದ್ದುಗುಂಡಿನ ಕಾರ್ಖಾನೆಗಳನ್ನು ಸೇರಿಸಿ 2021ರಲ್ಲಿ ಮಾಡಿದ ಸರ್ಕಾರಿ ಕಂಪನಿಯ ಕೇಂದ್ರವೂ ಪುಣೆಯೇ. ಇಷ್ಟಿದ್ದೂ ಒಬ್ಬ ಗುರಿಕಾರನಿಗೆ ಒಳ್ಳೆಯ ಮ್ಯಾಚ್ ತೋಟಾ ಸಿಗುವುದು ಸುಲಭವಲ್ಲ. ನಿಮ್ಮ ಆಸೆಯ ಹಿಂದಿರುವುದು ಇದೇ ಅಂತ ನನಗೆ ಗೊತ್ತು.

ಆದರೆ ಸ್ಪರ್ಧೆಯ ಲೆಕ್ಕದಲ್ಲಿ ಒಂದು ಮಾತು. ನೀವೀಗ ಹಾರಿಸುವ .22ನ್ನು ಯಾರೂ ಮತ್ತೆ ತುಂಬುವುದಿಲ್ಲ. ಅದರ ಸಿಡಿಯುವ ಮದ್ದು ಕೇಸಿನ ಅಂಚಿನೊಳಗೇ ಇರುತ್ತದೆ, ಪಿನ್ ಬಡಿದ ಮೇಲೆ ಅಂಚು ಜಜ್ಜಿ ಹೋಗುತ್ತದೆ. ಸೆಂಟರ್ ಫೈರ್‌ನಲ್ಲಿ 25 ಮೀಟರ್ ದೂರದ ಪ್ರಿಸಿಷನ್ ಗುರಿಯ ಹತ್ತರ ವೃತ್ತ 50 ಮಿಲಿಮೀಟರ್ ಅಗಲ. ಕಾರ್ಖಾನೆಯ ಒಳ್ಳೆಯ .32 ವಾಡ್‌ಕಟರ್ (ಚಪ್ಪಟೆ ಮೂತಿಯ ಗುಂಡಿನ) ತೋಟಾ ಅದರೊಳಗೆ ಬೀಳುತ್ತದೆ. ಜಸ್‌ಪಾಲ್ ರಾಣಾ 2006ರ ದೋಹಾ ಏಷ್ಯನ್ ಗೇಮ್ಸ್‌ನಲ್ಲಿ ಇದೇ ಸ್ಪರ್ಧೆಯಲ್ಲಿ 600ಕ್ಕೆ 590 ಗಳಿಸಿ ವಿಶ್ವದಾಖಲೆ ಸರಿಗಟ್ಟಿದರು. ನಾವು ಕಳೆದುಕೊಳ್ಳುವ ಅಂಕಗಳಲ್ಲಿ ಹೆಚ್ಚಿನವು ಹೋಗುವುದು ಕುದುರೆ ಎಳೆಯುವ ಬೆರಳಿನಿಂದ, ಮದ್ದಿನಿಂದಲ್ಲ. ಮನೆಯಲ್ಲಿ ತೋಟಾ ತುಂಬಲು ಕೊಡುವ ಸಂಜೆಗಳನ್ನು ಖಾಲಿ ಪಿಸ್ತೂಲಿನ ಅಭ್ಯಾಸಕ್ಕೆ ಕೊಟ್ಟರೆ ಲಾಭ ಜಾಸ್ತಿ.

ಇಲ್ಲಿ ನೀವು ಮಾಡಬಹುದಾದದ್ದು ಲಾಟ್ ಪರೀಕ್ಷೆ. ಲಾಟ್ ಅಂದರೆ ಕಾರ್ಖಾನೆಯಲ್ಲಿ ಒಂದೇ ಕಂತಿನಲ್ಲಿ ತಯಾರಾದ ತೋಟಾಗಳು. ರಾಜ್ಯ ರೈಫಲ್ ಸಂಘದ ಮೂಲಕ ಸಿಗುವ ತೋಟಾದಲ್ಲಿ ಎರಡು ಮೂರು ಲಾಟ್‌ನ ಒಂದೊಂದು ಪೊಟ್ಟಣ ತೆಗೆದುಕೊಳ್ಳಿ. ಮರಳ ಚೀಲದ ಮೇಲೆ ಕೈ ಊರಿ ಹತ್ತು ಹತ್ತು ಗುಂಡು ಹಾರಿಸಿ. ಯಾವುದು ಒತ್ತಾಗಿ ಬೀಳುತ್ತದೋ ಅದೇ ಲಾಟ್ ನಂಬರ್‌ನದ್ದನ್ನು ಸೀಸನ್‌ಗೆ ಸಾಕಾಗುವಷ್ಟು, ನಿಮ್ಮ ಲೈಸೆನ್ಸಿನ ಮಿತಿಯೊಳಗೆ ಇಟ್ಟುಕೊಳ್ಳಿ. ಮುಂಬೈಗೋ ಗೋವಾಗೋ ಮಳೆಗಾಲದಲ್ಲಿ ಶೂಟಿಂಗ್‌ಗೆ ಹೋಗುವುದಿದ್ದರೆ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಒಯ್ಯಿರಿ. ಬಿಸಿಲಲ್ಲಿ ನಿಂತ ಕಾರಿನ ಡಿಕ್ಕಿಯಲ್ಲಿ ಬಿಡಬೇಡಿ.

ತಕ್ಕಡಿಯ ಪ್ರಶ್ನೆ ಉಳಿಯಿತು. ವಕೀಲರು ಸರಿ ಅಂದು, ಒಹಾಯೋದಲ್ಲಿ ಕಲಿಯುವುದೇ ಆದರೆ ದಂಡಿಗೆಯ ತಕ್ಕಡಿಯನ್ನೇ ಕೊಳ್ಳಿ. ಅಗ್ಗದ ಡಿಜಿಟಲ್ ತಕ್ಕಡಿ ಬೆಚ್ಚಗಾಗುತ್ತಾ ಹೋದ ಹಾಗೆ ಅಂಕಿ ಜಾರಿಸುತ್ತದೆ, ಪಕ್ಕದಲ್ಲಿ ಮೊಬೈಲ್ ಇದ್ದರೂ ಕೆಲವು ಸಲ ತಲೆ ಕೆಡಿಸಿಕೊಳ್ಳುತ್ತದೆ. ಇಲ್ಲಿ ಅಳತೆ ಗ್ರೈನ್‌ನಲ್ಲಿ. ಒಂದು ಗ್ರೈನ್ ಅಂದರೆ ಸುಮಾರು 65 ಮಿಲಿಗ್ರಾಂ, ನೀವು ಹಿಡಿಯಬೇಕಾದದ್ದು ಅದರ ಹತ್ತನೇ ಒಂದು ಭಾಗ. ಗ್ರಾಂ ಮತ್ತು ಗ್ರೈನ್ ಎರಡನ್ನೂ ತೋರಿಸುವ ತಕ್ಕಡಿಯಲ್ಲಿ ಗುಂಡಿ ತಪ್ಪಿ ಒತ್ತುವುದು ಸುಲಭ, ಅದೂ ಒಂದು ಕಾರಣ. ತಕ್ಕಡಿಯ ಜೊತೆ ಪರೀಕ್ಷೆಯ ಬಟ್ಟುಗಳನ್ನೂ ಕೊಳ್ಳಿ, ಕೂತಾಗೊಮ್ಮೆ ಮೊದಲು ಅವನ್ನಿಟ್ಟು ನೋಡಿ. ಮೇಲೆ ಫ್ಯಾನ್ ತಿರುಗುತ್ತಿದ್ದರೆ ದಂಡಿಗೆ ನಿಲ್ಲುವುದೇ ಇಲ್ಲ, ಆರಿಸಿ ಕೂರಿ.